ಗಾಳಿ ತಿಂದ ಮೂವತ್ತು ಗ್ರಾಂ

ಸೀರೆಯನ್ನು ಅಂಗೈ ಮೇಲೆ ಇಟ್ಟ ಕೂಡಲೇ ಅವರ ಎಡಗಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ತೆರೆದಿದ್ದ ಬಲಗಣ್ಣು ಸೀರೆಯನ್ನಲ್ಲ, ಅದನ್ನು ತಂದ ನೇಕಾರನ ಮುಖವನ್ನು ನೋಡುತ್ತಿತ್ತು. ಕೈ ಎರಡು ಸಲ ಮೇಲೆ ಕೆಳಗೆ ಆಡುವಷ್ಟರಲ್ಲಿ ತೂಕ ಬಾಯಿಗೆ ಬಂದಿರುತ್ತಿತ್ತು. ಆಮೇಲೆ ತಕ್ಕಡಿ. ತಕ್ಕಡಿ ಅವರ ಮಾತಿಗೆ ಹೂಂ ಅನ್ನುತ್ತಿತ್ತೇ ಹೊರತು ಬೇರೆ ಹೇಳಿದ್ದನ್ನು ನಾನು ಕಂಡಿಲ್ಲ.

ಮೊಳಕಾಲ್ಮೂರಿನಲ್ಲಿ ಅವರನ್ನು ಎಲ್ಲರೂ ಯಜಮಾನರು ಅನ್ನುತ್ತಿದ್ದರು. ಮನೆ ಮನೆಯ ಮಗ್ಗಗಳಿಗೆ ರೇಷ್ಮೆ, ಜರಿ ತೂಗಿ ಕೊಡುವುದು, ಸೀರೆ ಬಂದಾಗ ತೂಗಿ ತೆಗೆದುಕೊಳ್ಳುವುದು ಅವರ ಕಸುಬು. ಕೊಟ್ಟಷ್ಟು ತೂಕ ಬರಬೇಕು. ಕಮ್ಮಿ ಬಂದರೆ ನೇಕಾರ ರೇಷ್ಮೆ ಉಳಿಸಿಕೊಂಡ ಎಂದರ್ಥ. ಸರಿಯಾಗಿ ಬಂದರೂ ಅನುಮಾನವೇ, ಸೀರೆಯನ್ನು ಮೂಗಿಗೆ ಹಿಡಿದು, "ತೂಕಕ್ಕೆ ಗಂಜಿ ಕುಡಿಸಿದೀಯೇನ್ಲೇ?" ಅನ್ನುತ್ತಿದ್ದರು. ಅವರ ಪತ್ರವ್ಯವಹಾರ ನೋಡಿಕೊಳ್ಳಲು ನಾನು ಸೇರಿದಾಗ ನನ್ನನ್ನೂ ಒಂದು ತಿಂಗಳು ಬಲಗಣ್ಣಿನಿಂದಲೇ ನೋಡಿದರು. ಮನೆಗೆ ಬೀಗ ಹಾಕಿ, ಬಸ್‌ಸ್ಟ್ಯಾಂಡಿನವರೆಗೆ ಹೋಗಿ, ವಾಪಸ್ ಬಂದು ಬೀಗ ಜಗ್ಗಿ ನೋಡುವವನು ನಾನು. ಇಬ್ಬರಿಗೂ ಹೊಂದಿಕೊಂಡಿತು.

ಒಂದು ಶಿವರಾತ್ರಿ ಸಮಯದಲ್ಲಿ ಓಬಳೇಶ ಎಂಬ ನೇಕಾರ ಸೀರೆ ತಂದ. ರೇಷ್ಮೆ ಒಯ್ದದ್ದು ಮಳೆಗಾಲದಲ್ಲಿ. ಅವನ ತಾಯಿ ಕಾಯಿಲೆ ಬಿದ್ದು ಮಗ್ಗ ನಿಂತಿದ್ದರಿಂದ ತಡವಾಗಿತ್ತು. ಸೀರೆ ಮೂವತ್ತು ಗ್ರಾಂ ಕಮ್ಮಿ.

"ಗಾಳಿ ತಿಂತು ಯಜಮಾನ್ರೇ," ಅಂದ ಓಬಳೇಶ. "ಬ್ಯಾಸಿಗಿ ಗಾಳೀಗೆ ರೇಷ್ಮೆ ಒಣಗ್ತೈತ್ರಿ."

"ಗಾಳೀಗೆ ಹಲ್ಲು ಅದಾವೇನ್ಲೇ? ಏಮಿರಾ, ನನಗೇ ರೇಷ್ಮೆ ಪಾಠ ಹೇಳ್ತೀಯಾ?"

"ನನ್ ಅವ್ವನ ಆಣೆಗೂ..."

"ಅವ್ವನ್ನ ತರಬ್ಯಾಡ ಮಧ್ಯಕ್ಕೆ. ಹೋಗು."

ಅಷ್ಟೇ. ಅವನಿಗೆ ರೇಷ್ಮೆ ನಿಂತಿತು. ಯಜಮಾನರು ಬಿಟ್ಟವನಿಗೆ ಊರಿನಲ್ಲಿ ಬೇರೆ ಯಾರೂ ರೇಷ್ಮೆ ಕೊಡಲಿಲ್ಲ. ಅವನು ಚಳ್ಳಕೆರೆಗೆ ಹೋಗಿ ಎಣ್ಣೆ ಮಿಲ್ಲೊಂದರಲ್ಲಿ ಚೀಲ ಹೊರತೊಡಗಿದ. ತಾಯಿ ಇಲ್ಲೇ ಉಳಿದಳು. ಬೀದಿ ನಲ್ಲಿಯ ಹತ್ತಿರ ಹೆಂಗಸರು ಆಕೆಯನ್ನು ಏನೆಂದು ಕರೆಯುತ್ತಿದ್ದರು ಎಂದು ನನಗೆ ಗೊತ್ತಿತ್ತು. ಓಬಳೇಶ ಹೇಳಿದ್ದು ನಿಜವಿರಬಹುದು ಎಂದೂ ಒಂದು ಗಳಿಗೆ ಅನ್ನಿಸಿತ್ತು. ಬಾಯಿ ಬಿಟ್ಟರೆ ನಾನೂ ಪಾಲುದಾರ ಎಂದು ಯಜಮಾನರು ತಿಳಿದಾರು ಎಂಬ ಚಿಂತೆಯಲ್ಲಿ ಸುಮ್ಮನಿದ್ದೆ.

ಎರಡು ವರ್ಷದ ನಂತರ ಸಿಂಗಪುರದಲ್ಲಿ ಕೈಮಗ್ಗದ ಪ್ರದರ್ಶನಕ್ಕೆ ನಮ್ಮ ಸೀರೆಗಳು ಆಯ್ಕೆಯಾದವು. ವಿಮಾನದ ಮೇಲೆ ಯಜಮಾನರಿಗೆ ನಂಬಿಕೆಯಿರಲಿಲ್ಲ, ನಾನು ಹೊರಟೆ. ಅದೇ ವಾರ ಪತ್ರಿಕೆಯಲ್ಲಿ, ಮಾದಕ ವಸ್ತು ಸಾಗಿಸಿದ ಯಾವನನ್ನೋ ಅಲ್ಲಿ ನೇಣಿಗೆ ಹಾಕಿದ ಸುದ್ದಿ. ಯಜಮಾನರ ಜಗಲಿಯ ಮೇಲೆ ಪಕ್ಕದ ಮನೆಯ ಮೇಷ್ಟರು ಬೇಸರಪಟ್ಟುಕೊಂಡರು. "ಹೊತ್ತೋನಿಗೆ ಒಳಗೇನೈತೆ ಅಂತ ಗೊತ್ತಿಲ್ದಿದ್ರೆ?"

"ಗೊತ್ತಿಲ್ದೆ ಯಾವನು ಹೊರ್ತಾನ್ರಿ ಮೇಷ್ಟ್ರೇ? ಯಾರ ಕೈಯಾಗೆ ಸಿಕ್ತೋ ಅವನೇ ಕಳ್ಳ. ಆ ದೇಶದೋರಿಗೆ ಬುದ್ಧಿ ಐತೆ, ಹಾಕ್ತಾರೆ," ಅಂದರು ಯಜಮಾನರು.

ನಾಳೆ ಆ ದೇಶಕ್ಕೆ ಹೋಗುವವನು ನಾನು, ಯಾರೂ ನನ್ನ ಕಡೆ ನೋಡಲಿಲ್ಲ.

ವಿಮಾನದಲ್ಲಿ ತುಂಬಲು ಕೊಟ್ಟ ಚೀಟಿಯ ಮೇಲೆ, ಮಾದಕ ವಸ್ತು ಸಾಗಿಸುವವರಿಗೆ ಮರಣದಂಡನೆ ಎಂದು ಕೆಂಪಕ್ಷರದಲ್ಲಿ ಅಚ್ಚಾಗಿತ್ತು. ನನ್ನ ಜೇಬಿನಲ್ಲಿ ಅವ್ವ ಕಟ್ಟಿಕೊಟ್ಟ ವಿಭೂತಿ. ಬಿಳಿ ಪುಡಿ! ಶೌಚಾಲಯಕ್ಕೆ ಹೋಗಿ, ಶಿವನಿಗೆ ಕ್ಷಮೆ ಕೇಳಿ, ಸುರಿದು ಬಂದೆ. ಬೆರಳು ಮೂರು ಸಲ ತೊಳೆದೆ. ಪಕ್ಕದವನು ಅನುಮಾನದಿಂದ ನೋಡಿದ.

ಪ್ರದರ್ಶನ ನಡೆದದ್ದು ಗೋಡೆಯಿಲ್ಲದ ದೊಡ್ಡ ಚಪ್ಪರದಲ್ಲಿ. ಹತ್ತು ದಿನವೂ ಮಳೆ. ಮಾರಾಟವಾಗದ ಆರು ಸೀರೆಯೊಂದಿಗೆ ವಾಪಸ್ ಹೊರಟಾಗ, ವಿಮಾನ ನಿಲ್ದಾಣದಲ್ಲಿ ಒಬ್ಬ ಅಧಿಕಾರಿಣಿ, ನಾನು ತಂದಿದ್ದ ಸರಕಿನ ಪಟ್ಟಿ ಕೇಳಿದರು. ಯಜಮಾನರು ಪ್ರತಿ ಸೀರೆಯ ಮುಂದೆಯೂ ತೂಕ ಬರೆಸಿದ್ದರು. ಬೇರೆ ಯಾರೂ ಬರೆಸುವುದಿಲ್ಲ. ಆಕೆ ಗಂಟನ್ನು ತಕ್ಕಡಿಗಿಟ್ಟರು. ಪಟ್ಟಿಗಿಂತ ಇನ್ನೂರು ಗ್ರಾಂ ಹತ್ತಿರ ಹೆಚ್ಚು.

ಹೋಟೆಲಿನ ಹುಡುಗ ಏನಾದರೂ ಇಟ್ಟನೆ? ಮಳಿಗೆಯ ಪಕ್ಕದಲ್ಲಿದ್ದ ಕಂಬಳಿ ವ್ಯಾಪಾರಿ ಅಷ್ಟೊಂದು ನಗುನಗುತ್ತಾ ಸೀರೆ ಮಡಚಲು ಬಂದದ್ದೇಕೆ? ಆಕೆ ಯಾರನ್ನೂ ಕೂಗಲಿಲ್ಲ. ನನ್ನ ಮುಖ ನೋಡಿ, "ಇದು ಹೇಗೆ ಹೆಚ್ಚಾಯಿತು? ನೀವೇ ಹೇಳಿ," ಎಂದು ಇಂಗ್ಲಿಷಿನಲ್ಲಿ ಕೇಳಿದರು.

ನನ್ನ ಬಾಯಿಂದ ಬಂದದ್ದು ಓಬಳೇಶನ ಮಾತು. "ಗಾಳಿ. ನಮ್ಮೂರ ಗಾಳಿ ಒಣದು, ನಿಮ್ಮದು ತೇವ. ರೇಷ್ಮೆ ಕುಡಿಯುತ್ತದೆ." ಹೇಳುವಾಗ ನನಗೇ ಅದು ಕಳ್ಳನ ಸಬೂಬಿನಂತೆ ಕೇಳಿಸಿತು. ಆಕೆ ಒಂದು ಸೆರಗನ್ನು ಬೆರಳಲ್ಲಿ ಉಜ್ಜಿದರು. ಆಮೇಲೆ ಆರೂ ಸೀರೆಗಳನ್ನು ಮಡಿಕೆ ಮಡಿಕೆಯಾಗಿ ಬಿಚ್ಚಿಸಿದರು, ನಾಯಿ ತರಿಸಿ ಮೂಸಿಸಿದರು. ಏನೂ ಸಿಗಲಿಲ್ಲ. ಮುಕ್ಕಾಲು ಗಂಟೆ. ಹೋಗಿ ಎಂದರು.

ಊರಿಗೆ ಬಂದು ಹೇಳಿದರೆ ಯಜಮಾನರು ನಂಬಲಿಲ್ಲ. ದಾರಿಯಲ್ಲಿ ನಾನೇ ಏನೋ ಮಾಡಿದೆನೆಂದು ಅವರ ಬಲಗಣ್ಣು ಹೇಳುತ್ತಿತ್ತು. ಯಾರಿಗೂ ಮುಟ್ಟಲು ಬಿಡದೆ, ತಾವೇ ಒಂದು ಸೀರೆ ತೂಗಿ ಬಚ್ಚಲ ಹಂಡೆಯ ಪಕ್ಕ, ತೇವದಲ್ಲಿ, ನಾಲ್ಕು ದಿನ ನೇತುಹಾಕಿದರು. ಬಚ್ಚಲಿಗೆ ಬೀಗ, ಮನೆಯವರೆಲ್ಲ ಹಿತ್ತಲಲ್ಲಿ ಸ್ನಾನ. ತೂಗಿದರು. ಆಮೇಲೆ ಮಾಳಿಗೆಯ ಮೇಲೆ, ನೆರಳಲ್ಲಿ, ಬೇಸಿಗೆ ಗಾಳಿಗೆ ನಾಲ್ಕು ದಿನ. ಎದುರಿಗೆ ತಾವೇ ಕುರ್ಚಿ ಹಾಕಿಕೊಂಡು ಕಾವಲು ಕೂತರು. ಮತ್ತೆ ತೂಗಿದರು. ಹೊರಗೆ ಬಂದರು.

"ಮೂವತ್ತಾರು ಗ್ರಾಂ ಕಮ್ಮಿ," ಅಂದರು. "ಚಳ್ಳಕೆರೆ ಬಸ್ ಎಷ್ಟೊತ್ತಿಗೈತೆ?"

ಮಿಲ್ಲಿನ ಗೇಟಿನ ಬಳಿ ಓಬಳೇಶ ಮೈಯೆಲ್ಲ ಶೇಂಗಾ ಧೂಳು ಮಾಡಿಕೊಂಡು ಬಂದ. ಯಜಮಾನರು ನಿಂತೇ ಇದ್ದರು.

"ನಿನ್ ಮಾತು ಖರೆ ಐತೆ ಕಣ್ಲಾ. ಗಾಳಿ ತಿಂತೈತೆ. ನಾನೇ ತೂಗಿ ನೋಡ್ದೆ. ಬಾ, ಮಗ್ಗ ಹೂಡು. ಊರಾಗೆ ಎಲ್ರ ಮುಂದೂ ಹೇಳ್ತೀನಿ."

ಓಬಳೇಶ ತಲೆಯ ಟವೆಲು ಬಿಚ್ಚಿ ಕೊಡವಿದ. "ಯಾರ್ಗೆ ಹೇಳ್ತೀರಿ ಯಜಮಾನ್ರೇ? ಅವ್ವ ಹೋಗಿ ಎಂಟು ತಿಂಗ್ಳಾತು. ನೀರಿಗೆ ಹೋದ್ರೆ ಕಳ್ಳನ ಅವ್ವ ಬಂದ್ಳು ಅಂತಿದ್ರಂತೆ. ಆಕಿಗೆ ಹೇಳ್ಬೇಕಿತ್ತು."

"ತಪ್ಪಾತು."

"ಆತು ಬಿಡ್ರಿ. ಲೋಡು ಬಂದೈತೆ, ಹೋಗ್ತೀನಿ."

ಆದರೂ ಮರುದಿನ ಯಜಮಾನರು ಊರಿನ ನಲ್ಲಿಯ ಹತ್ತಿರ ಹೋಗಿ, ಕೊಡ ಹಿಡಿದ ಹೆಂಗಸರ ಮುಂದೆ, ಓಬಳೇಶ ಕಳ್ಳನಲ್ಲ, ತೂಕ ತಪ್ಪಿದ್ದು ತಾವು ಎಂದು ಹೇಳಿ ಬಂದರು. ಹೆಂಗಸರು ಅದನ್ನೂ ಅನುಮಾನಿಸಿದರಂತೆ. ಯಜಮಾನರಿಗೆ ಓಬಳೇಶನಿಂದ ಏನೋ ಕೆಲಸವಾಗಬೇಕಾಗಿದೆ ಎಂದು.

ಯಜಮಾನರ ಅನುಮಾನವೇನೂ ಕಮ್ಮಿಯಾಗಲಿಲ್ಲ, ತಕ್ಕಡಿಯ ಮೇಲೂ ಶುರುವಾಯಿತು, ಅಷ್ಟೇ. ಸೀರೆ ಕಮ್ಮಿ ಬಂದರೆ ನೇಕಾರನನ್ನು ಕೂರಿಸಿ, "ನೀನೇನಂತೀಯಾ?" ಎಂದು ಕೇಳುತ್ತಿದ್ದರು. ಕೇಳಿದ ಮೇಲೂ ಬೈಯುತ್ತಿದ್ದರು. ಜಗಲಿಯಲ್ಲಿ ಮತ್ತೆ ನೇಣಿನ ವಾದ ಬಂದಿತು. ನಮ್ಮ ದೇಶದಲ್ಲೂ ಹಾಗೇ ಮಾಡಬೇಕು ಎಂದು ಯಾರೋ ಎದ್ದು ನಿಂತರೆ, ಇವರು ಕೂತಲ್ಲಿಂದಲೇ ಗದರಿದರು.

"ಪುಡಿ ಮಾರೋರ ಮ್ಯಾಲೆ ನನಗೇನ್ ಕನಿಕರ ಇಲ್ಲ. ಜೈಲಾಗೆ ಕೊಳೀಲಿ. ಆದ್ರೆ ನಾನು ಓಬಳೇಶಂಗೆ ರೇಷ್ಮೆ ನಿಲ್ಲಿಸಿದ್ದೆ, ಅಷ್ಟೇ. ನೇಣಿಗೇ ಹಾಕಿದ್ರೆ ಚಳ್ಳಕೆರೆಗೆ ಹೋಗಿ ಯಾರ್ನ ತಪ್ಪಾತು ಅಂತಿದ್ದೆ?"

ಮೇಷ್ಟರು ನನ್ನ ಕಡೆ ನೋಡಿದರು.

ಕೊನೆಯ ದಿನಗಳಲ್ಲಿ ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ಬೆಳಿಗ್ಗೆ ಹೋಗಿ ಪತ್ರಿಕೆ ಓದಿ ಹೇಳುತ್ತಿದ್ದೆ. ಒಂದು ದಿನ ಹೊರದೇಶದ ಪುಟದ ಮೂಲೆಯಲ್ಲಿ ನಾಲ್ಕು ಸಾಲು: ಚೀಲದಲ್ಲಿ ಮಾದಕ ವಸ್ತು ಸಿಕ್ಕಿದ್ದ ಕೂಲಿಯೊಬ್ಬನನ್ನು ಗಲ್ಲಿಗೇರಿಸಲಾಯಿತು. ಬಿಟ್ಟು ಮುಂದೆ ಹೋಗೋಣವೆಂದುಕೊಂಡೆ; ಆದರೆ ಬಿಟ್ಟೆನೆಂದು ಅವರಿಗೆ ಗೊತ್ತಾದರೆ ಎಂಬ ಭಯದಿಂದ ಓದಿದೆ.

"ಅವನೇನಂದ ಅಂತ ಬರ್ದಾರೇನು?"

ನೋಡಿದೆ. "ಇಲ್ಲ ಯಜಮಾನ್ರೇ."

"ಸರಿಯಾಗಿ ನೋಡು. ಏನರ ಅಂದಿರ್ತಾನೆ."

ಪುಟ ತಿರುಗಿಸಿದೆ. ಮತ್ತೆ ತಿರುಗಿಸಿದೆ. ಅವರು ಮುಖವನ್ನು ಶಬ್ದ ಬಂದ ಕಡೆಗೆ ಮಾಡಿ ಕಾಯುತ್ತಿದ್ದರು. ಹದಿನೈದು ದಿನಕ್ಕೆ ತೀರಿಕೊಂಡರು. ನೇಣಿನ ಸುದ್ದಿ ಬಂದ ದಿನ ನಾನು ಇವತ್ತಿಗೂ ಪತ್ರಿಕೆಯನ್ನು ಕೊನೆಯ ಪುಟದವರೆಗೆ ಹುಡುಕುತ್ತೇನೆ.