ಕೇಳಿದ ಔಷಧಿ ಕೊಡದ ಗಂಗಕ್ಕ

ಬೆಳಗಿನ ಆರೂಮುಕ್ಕಾಲು. ಪುಣೆಯ ಕೊಂಢವಾ ಬಡಾವಣೆಯ ಧರ್ಮಾರ್ಥ ಆಸ್ಪತ್ರೆಯೊಂದರ ಫಾರ್ಮಸಿಯಲ್ಲಿ ಶಿವಗಂಗಾ ಬೆಟಗೇರಿ ಇನ್ನೂ ಬಿಳಿ ಕೋಟಿನ ಗುಂಡಿ ಹಾಕಿಕೊಂಡಿಲ್ಲ, ಆಗಲೇ ಸಿಟ್ಟು ನೆತ್ತಿಗೇರಿದೆ. ಕೈಯಲ್ಲಿ ಮೂರನೇ ಮಹಡಿಯ ವಾರ್ಡಿನಿಂದ ಬಂದ ಔಷಧದ ಹಾಳೆ. ರೋಗಿ ಶಿವರುದ್ರಪ್ಪ, ಅರವತ್ತಮೂರು ವರ್ಷ, ದೌಂಡದ ನಿವೃತ್ತ ರೈಲ್ವೆ ನೌಕರ, ರಕ್ತದಲ್ಲಿ ಸೋಂಕು. ಮೊದಲ ದಿನ ಬರೆದ ಕೊಲಿಸ್ಟಿನ್ ಇಂಜೆಕ್ಷನ್ನಿನಿಂದ ಹೊರಟ ಬಾಣದ ಗೆರೆಯೊಂದು ಐದನೇ ದಿನದ ಕಾಲಮ್ಮಿಗೂ ಬಂದು ಮುಟ್ಟಿದೆ. ನಿನ್ನೆ ಕೊಟ್ಟದ್ದನ್ನೇ ಇವತ್ತೂ ಕೊಡಿ ಎಂಬುದು ಆ ಗೆರೆಯ ಅರ್ಥ. ಬರೆಯುವ ಶ್ರಮವೂ ಇಲ್ಲ, ಯೋಚಿಸುವ ತಾಪತ್ರಯವೂ ಇಲ್ಲ.

"ಗೆರಿ ಎಳಿಯಾಕ ಡಾಕ್ಟರಕಿ ಯಾಕ ಕಲೀಬೇಕ್ರಿ? ಪಟ್ಟಿ ಹಿಡಿದ್ರ ನಮ್ಮ ಲಿಫ್ಟಿನವನೂ ಎಳೀತಾನ," ಎನ್ನುತ್ತಾ ಶಿವಗಂಗಾ ಕಂಪ್ಯೂಟರ್ ತೆರೆಯುತ್ತಾರೆ.

ಕೊಲಿಸ್ಟಿನ್ ಬೇರೆ ಯಾವ ಔಷಧಿಯೂ ನಾಟದಾಗ ಕೈಗೆತ್ತಿಕೊಳ್ಳುವ ಮದ್ದು. ಸೋಂಕಿನ ಜೊತೆಗೆ ಮೂತ್ರಪಿಂಡಕ್ಕೂ ಪೆಟ್ಟು ಕೊಡಬಲ್ಲದು. ಶಿವರುದ್ರಪ್ಪನ ಕ್ರಿಯಾಟಿನಿನ್, ಅಂದರೆ ಮೂತ್ರಪಿಂಡ ಎಷ್ಟು ಸೋತಿದೆ ಎಂದು ಹೇಳುವ ಅಂಕಿ, ನಾಲ್ಕೇ ದಿನದಲ್ಲಿ ಇಮ್ಮಡಿಯಾಗಿದೆ. ಅದರ ಕೆಳಗೇ ಕಲ್ಚರ್ ವರದಿ ಇದೆ. ಅವರ ರಕ್ತದಲ್ಲಿರುವ ರೋಗಾಣು ಯಾವ ಔಷಧಿಗೆ ಸಾಯುತ್ತದೆ ಎಂದು ಪ್ರಯೋಗಾಲಯ ನಿನ್ನೆ ಮಧ್ಯಾಹ್ನವೇ ಬರೆದು ಕಳಿಸಿದೆ: ಸೆಫ್ಟ್ರಿಯಾಕ್ಸೋನ್ ಸಾಕು. ಹಳೆಯದು, ಅಗ್ಗದ್ದು, ಈ ರೋಗಿಯ ಮೂತ್ರಪಿಂಡಕ್ಕೆ ತ್ರಾಸು ಕೊಡದ್ದು. ಇಷ್ಟು ಹೊತ್ತಾದರೂ ವರದಿಯನ್ನು ಒಬ್ಬರೂ ತೆರೆದು ನೋಡಿಲ್ಲ.

ಎಂಟು ಗಂಟೆಗೆ ಮುಂದಿನ ಡೋಸು. ವಾರ್ಡಿಗೆ ಎರಡು ಸಲ ಫೋನ್ ಮಾಡಿದರೂ ಎತ್ತುವವರಿಲ್ಲ. ಮೂರನೇ ಸಲಕ್ಕೆ ವಾರ್ಡಿನ ಕಿರಿಯ ವೈದ್ಯ ಡಾ. ಮಂದಾರ ಸಿಗುತ್ತಾರೆ. ಇವರು ಮಾತು ಮುಗಿಸುವ ಮೊದಲೇ ಅತ್ತಲಿಂದ, "ಮ್ಯಾಡಮ್, ತುಮ್ಹೀ ಫಕ್ತ ಔಷಧ ದ್ಯಾ." ನೀವು ಔಷಧಿ ಕೊಟ್ಟರೆ ಸಾಕು ಅಂತ. ಫೋನ್ ಕಟ್ಟಾಗುತ್ತದೆ. ಶಿವಗಂಗಾ ಕೊಲಿಸ್ಟಿನ್ ಇರುವ ಕಪಾಟಿಗೆ ಕೀಲಿ ಹಾಕಿ, ವರದಿಯ ಪ್ರತಿ ಹಿಡಿದು, ದಡದಡ ಮೆಟ್ಟಿಲು ಹತ್ತುತ್ತಾರೆ.

ಹುಟ್ಟಿದ್ದು ಬೈಲಹೊಂಗಲದಲ್ಲಿ, ಫಾರ್ಮಸಿ ಕಲಿತದ್ದು ಬೆಳಗಾವಿಯಲ್ಲಿ. ಗಂಡ ಕೇದಾರ ತಳೇಗಾಂವದ ಕಾರ್ಖಾನೆಯಲ್ಲಿ ಫೋರ್‌ಮನ್. ಪುಣೆಗೆ ಬಂದು ಇಪ್ಪತ್ತಮೂರು ವರ್ಷವಾಯಿತು. ಕೆಲಸ ಏನೆಂದು ಯಾರಾದರೂ ಕೇಳಿದರೆ ನಾದಿನಿ ಇಂದಿಗೂ, "ಮೆಡಿಕಲ್ ಅಂಗಡ್ಯಾಗ ಇರ್ತಾಳ" ಎಂದೇ ಹೇಳುತ್ತಾಳೆ. ತಿದ್ದಿ ತಿದ್ದಿ ಶಿವಗಂಗಾಗೆ ಸಾಕಾಗಿದೆ. ದಿನಕ್ಕೆ ಮುನ್ನೂರಕ್ಕೂ ಹೆಚ್ಚು ಹಾಳೆಗಳು ಅವರ ಕಣ್ಣಡಿ ಹಾಯುತ್ತವೆ. ಹತ್ತು ಹದಿನೈದರಲ್ಲಿ ಏನಾದರೊಂದು ಎಡವಟ್ಟು ಇದ್ದೇ ಇರುತ್ತದೆ. ಟಿಬಿ ರೋಗಿಯ ತೂಕ ಇಳಿದಿದ್ದರೂ ಗುಳಿಗೆಯ ಲೆಕ್ಕ ಹಳೆಯದೇ. ಪೆನಿಸಿಲಿನ್ ಒಗ್ಗದವರಿಗೆ ಅದರದೇ ತಮ್ಮನಂಥ ಇನ್ನೊಂದು ಔಷಧಿ. ಪ್ರತಿಯೊಂದಕ್ಕೂ ಫೋನು, ಪ್ರತಿ ಫೋನಿಗೂ ಒಂದು ಗೊಣಗು.

"ತಪ್ಪು ಹಿಡಿದ ದಿನಾ ಏನೂ ಆಗೂದಿಲ್ಲ ನೋಡ್ರಿ," ಎನ್ನುತ್ತಾರೆ ಶಿವಗಂಗಾ. "ಪೇಶಂಟ್ ಆರಾಮ ಇರ್ತಾನ. ಏನೂ ಆಗ್ಲಿಲ್ಲಂದ್ರ ಯಾರಿಗೆ ಕಾಣಸ್ತದ? ನಾ ಸುಮ್ನ ಕಿರಿಕಿರಿ ಮಾಡೂ ಹೆಂಗಸು, ಅಷ್ಟ."

ಮೇಲೆ ಮಂದಾರ ನಿನ್ನೆ ಬೆಳಿಗ್ಗೆಯಿಂದ ಡ್ಯೂಟಿಯಲ್ಲಿದ್ದಾರೆ, ಕಣ್ಣು ಕೆಂಡವಾಗಿದೆ. ಒಬ್ಬರ ತಲೆಗೆ ನಲವತ್ತು ಹಾಸಿಗೆ ಕಟ್ಟಿದರೆ ಇನ್ನೇನಾದೀತು? ಶಿವಗಂಗಾಗೂ ಅದು ಗೊತ್ತು. ಬೈಯಬೇಕೆಂದು ಬಂದವರು ಬೈಯದೆ ವರದಿಯನ್ನು ಮುಖದ ಮುಂದೆ ಹಿಡಿದು ನಿಲ್ಲುತ್ತಾರೆ. ಮಂದಾರ ಓದುತ್ತಾರೆ, ಮತ್ತೊಮ್ಮೆ ಓದುತ್ತಾರೆ, ಹಿರಿಯ ವೈದ್ಯರಿಗೆ ಫೋನ್ ಹಚ್ಚುತ್ತಾರೆ. ಬಾಣದ ಗೆರೆ ಅಲ್ಲಿಗೆ ನಿಲ್ಲುತ್ತದೆ. ಆಗ ಎಂಟಕ್ಕೆ ಇನ್ನು ಹತ್ತು ನಿಮಿಷ.

ಇಷ್ಟಕ್ಕೇ ಮುಗಿಯಿತು ಅಂದುಕೊಂಡರೆ, ಒಂಬತ್ತಕ್ಕೆ ಶಿವರುದ್ರಪ್ಪನ ಹೆಂಡತಿ ಕಾಶವ್ವ ಫಾರ್ಮಸಿಯ ಕಿಟಕಿಗೆ ಬಂದು ನಿಲ್ಲುತ್ತಾರೆ. ಔಷಧಿ ಬದಲಾದದ್ದು ನರ್ಸಿನ ಬಾಯಿಂದ ಗೊತ್ತಾಗಿದೆ.

"ಬಾಯಾರ, ಪವರಿನ ಇಂಜೆಕ್ಷನ್ ಬಂದ್ ಮಾಡ್ಸಿ ಹಗರಂದು ಕೊಟ್ಟೀರಂತ. ನಾವೇನ್ ಬಡವ್ರು ಅನ್ಕೊಂಡೀರೇನ್ರಿ? ನಮ್ಮ ಮನ್ಯಾವ್ರ ಜೀವದ ಪ್ರಶ್ನಾ ಅದ. ಭಾರೀದ ಕೊಡ್ರಿ!"

ಸರದಿಯಲ್ಲಿ ಹದಿನಾಲ್ಕು ಜನ. ಶಿವಗಂಗಾ ಹಣೆ ಚಚ್ಚಿಕೊಳ್ಳುತ್ತಾರೆ. ಆಮೇಲೆ ಕಿಟಕಿಯನ್ನು ಸಹೋದ್ಯೋಗಿ ಕೇತಕಿಗೆ ಒಪ್ಪಿಸಿ, ಹೊರಗೆ ಬಂದು, ಕಾಶವ್ವನನ್ನು ಬೆಂಚಿನ ಮೇಲೆ ಕೂಡಿಸಿಕೊಳ್ಳುತ್ತಾರೆ.

"ಅಕ್ಕಾರ, ಕೇಳ್ರಿಲ್ಲೆ. ಜಿರಳಿ ಹೊಡಿಯಾಕ ಯಾರರೆ ಮನಿ ಗ್ವಾಡಿ ಕೆಡವ್ತಾರೇನು? ಆ ಭಾರೀ ಔಷಧಿ ನಿಮ್ಮ ಯಜಮಾನ್ರ ಕಿಡ್ನಿ ಕೆಡಸಾಕತ್ತಿತ್ತು. ಇದು ಜಿರಳೀನ ಅಷ್ಟ ಹೊಡೀತದ."

ಕಾಶವ್ವನಿಗೆ ಪೂರ್ತಿ ನಂಬಿಕೆ ಬಂದಂತಿಲ್ಲ. "ಏನರೆ ಹೆಚ್ಚುಕಮ್ಮಿ ಆದ್ರ ನಿಮ್ಮನ್ನ ಬಿಡೂದಿಲ್ಲ," ಎಂದು ಎದ್ದು ಹೋಗುತ್ತಾರೆ. ಮರುದಿನ ಕ್ರಿಯಾಟಿನಿನ್ ಇಳಿಯದೆ ಇನ್ನೂ ತುಸು ಏರುತ್ತದೆ. ಆ ದಿನ ಶಿವಗಂಗಾ ಮಧ್ಯಾಹ್ನದ ಡಬ್ಬಿ ಮುಟ್ಟುವುದಿಲ್ಲ; ಗಳಿಗೆಗೊಮ್ಮೆ ಕಂಪ್ಯೂಟರಿನಲ್ಲಿ ಅದೇ ಅಂಕಿಯ ಪುಟ ತೆರೆಯುತ್ತಾರೆ. ಮೂರನೇ ದಿನ ಅಂಕಿ ನಿಲ್ಲುತ್ತದೆ, ನಾಲ್ಕನೆಯ ದಿನ ಇಳಿಯತೊಡಗುತ್ತದೆ. ಜ್ವರವೂ ಬಿಟ್ಟಿದೆ.

ವಾರದ ಮೇಲೆ ಶಿವರುದ್ರಪ್ಪ ತಮ್ಮ ಕಾಲ ಮೇಲೆ ನಡೆದು ಆಸ್ಪತ್ರೆಯಿಂದ ಹೊರಬೀಳುತ್ತಾರೆ. ಡಾ. ಮಂದಾರರಿಗೆ ಪೇಢೆಯ ಡಬ್ಬಿ, ನರ್ಸುಗಳಿಗೆ ಪೇಢೆ, ವಾರ್ಡಿನ ಆಯಾಗೂ ಎರಡು ಪೇಢೆ. ಫಾರ್ಮಸಿಯ ಕಿಟಕಿಗೆ ಮಾತ್ರ ಕಾಶವ್ವ ಖಾಲಿ ಕೈಯಲ್ಲಿ ಬರುತ್ತಾರೆ. ಮನೆಗೆ ಒಯ್ಯುವ ಗುಳಿಗೆಗಳನ್ನು ಎಣಿಸಿಕೊಳ್ಳುತ್ತಾರೆ. ಜ್ವರ ಬಿಟ್ಟಿತೆಂದು ನಡುವೆ ನಿಲ್ಲಿಸಬಾರದು ಎಂದು ಶಿವಗಂಗಾ ಮೂರು ಸಲ ಹೇಳಿ, ನಾಲ್ಕನೆಯ ಸಲ ಅವರ ಬಾಯಿಂದಲೇ ಹೇಳಿಸುತ್ತಾರೆ. ನಾಲ್ಕು ಹೆಜ್ಜೆ ಹೋದ ಕಾಶವ್ವ ಗಂಡನಿಗೆ ಹೇಳುವುದು ಕಿಟಕಿಯ ತನಕ ಕೇಳಿಸುತ್ತದೆ: "ಈ ಬಾಯಿ ಭಾಳ ಜೋರು ಅದಾಳ್ರಿ. ಕೇಳಿದ್ದ ಔಷಧಿ ಕೊಡಾಂಗಿಲ್ಲ, ಮ್ಯಾಲ ಶಾಣೇತನ."

ಕೇತಕಿಗೆ ಸಿಟ್ಟು ಬರುತ್ತದೆ. ಗಂಗಕ್ಕ, ಕರೆದು ನಿಜ ಹೇಳಲೇ ಎಂದು ಕೇಳುತ್ತಾಳೆ. ಶಿವಗಂಗಾ ಬೇಡವೆಂದು ಕೈಯಾಡಿಸಿ ಮುಂದಿನ ಹಾಳೆ ಎತ್ತಿಕೊಳ್ಳುತ್ತಾರೆ.

"ಬೈಕೋತ ಹೋಗ್ಲಿ ಬಿಡವಾ. ಡಯಾಲಿಸಿಸ್ ಅನ್ನೂ ಶಬ್ದಾ ಕಲೀದನ ಮನಿಗೆ ಹೊಂಟಾಳಲ್ಲ, ನನಗ ಅಷ್ಟ ಸಾಕು."