ದನಿ ವಾಪಸ್ ಪಡೆದ ಮೈಕಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಾಲುವೆ ಪಕ್ಕದ ಓಣಿಯಲ್ಲಿ ಬಾಗಿಲುಗಳೆಲ್ಲ ಮುಚ್ಚಿವೆ. ನಲ್ಲಿಯ ಮುಂದೆ ಖಾಲಿ ಕೊಡಗಳು ತಮ್ಮ ತಮ್ಮ ಯಜಮಾನಿಯರ ಪರವಾಗಿ ಸಾಲುಗಟ್ಟಿ ನಿಂತಿವೆ. ಓಣಿಯ ತುದಿಯಲ್ಲಿ ಶಾಲು ಬಿಗಿದುಕೊಂಡ ಹೆಂಗಸೊಬ್ಬರು ಎರಡೂ ಕೈಗಳನ್ನು ಬಾಯಿಯ ಸುತ್ತ ಹಿಡಿದು ಕೂಗುತ್ತಾರೆ: "ಇವತ್ತು ನೀರು ಬರಲ್ಲ. ಪೈಪ್ ಒಡೆದಿದೆ. ನಾಳೆ ಬೆಳಿಗ್ಗೆ ಬರುತ್ತೆ." ಕೂಗಿ ಸುಮ್ಮನೆ ಕಾಯುತ್ತಾರೆ. ಒಂದೊಂದೇ ಬಾಗಿಲು ತೆರೆಯುತ್ತದೆ, ಕೆದರಿದ ತಲೆಗಳು ಹೊರಗೆ ಇಣುಕುತ್ತವೆ. ಆಗ ಅದನ್ನೇ, ಒಂದು ಅಕ್ಷರ ಆಚೀಚೆ ಮಾಡದೆ, ಇನ್ನೊಮ್ಮೆ ಕೂಗುತ್ತಾರೆ.

ಊರಿಗೆಲ್ಲ ಇವರು ಮೈಕಕ್ಕ. ಸದ್ಯ ಕೈಯಲ್ಲಿ ಮೈಕಿಲ್ಲ, ಅದು ಹೋಗಿ ಎರಡು ತಿಂಗಳಾಯಿತು. ಹೆಸರು ಮಾತ್ರ ಹೋಗಿಲ್ಲ. ನಲ್ಲಿ ನೀರು, ಕರೆಂಟು, ಹೊಸ ಅಂಗಡಿ, ಕಳೆದುಹೋದ ಮೇಕೆ, ತೀರಿಹೋದ ಹಿರಿಯರು, ಎಲ್ಲ ಸುದ್ದಿಯೂ ಇಲ್ಲಿನ ಜನಕ್ಕೆ ಇವರ ದನಿಯಲ್ಲೇ ಮುಟ್ಟಬೇಕು. ಆದರೆ ಆ ದನಿಯಿಂದ ಎಲ್ಲರಿಗಿಂತ ಹೆಚ್ಚು ಲಾಭ ಮಾಡಿಕೊಂಡವರು ಈ ಕ್ಷೇತ್ರದ ಶಾಸಕರು. ಅವರ ರಾಜಕೀಯ ಜೀವನವನ್ನು ನಾಳೆ ಯಾರಾದರೂ ಪುಸ್ತಕ ಮಾಡಿದರೆ ಅದರಲ್ಲಿ ಮೈಕಕ್ಕನಿಗೆ ಒಂದು ಸಾಲೂ ಸಿಗಲಿಕ್ಕಿಲ್ಲ. ಹಾಗಾಗಿ ಇಲ್ಲಿ ಸ್ವಲ್ಪ ಜಾಸ್ತಿಯೇ ಸಿಗಲಿ.

ಶಾಸಕರು ಆಗ ಶಾಸಕರಾಗಿರಲಿಲ್ಲ, ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದರು. ಮೈಕಕ್ಕ ಆಗ ತಳ್ಳುಗಾಡಿಯಲ್ಲಿ ತರಕಾರಿ ಮಾರುತ್ತಿದ್ದರು. ಗಾಡಿ ಈ ಬೀದಿಯಲ್ಲಿದ್ದರೆ ಮುಂದಿನ ಬೀದಿಯವರು ಚೀಲ ಹಿಡಿದು ನಿಂತಿರುತ್ತಿದ್ದರು, ಅಂಥ ಗಂಟಲು. ಮೊದಲ ಸಲ ಚುನಾವಣೆಗೆ ಪಕ್ಷೇತರರಾಗಿ ನಿಂತಾಗ ಸೈಕಲ್ ಅಂಗಡಿಯವರು ಗಾಡಿಯ ಹತ್ತಿರವೇ ಬಂದು, ಟೊಮೇಟೊ ಮಾರುವ ಗಂಟಲಲ್ಲಿ ತನ್ನನ್ನೂ ಒಂದಿಷ್ಟು ಮಾರಿಕೊಡಿ ಎಂದು ಕೇಳಿದರಂತೆ. ಮೈಕಕ್ಕನಿಗೆ ನಗು ಬಂತು, ನಕ್ಕ ಮೇಲೆ ಇಲ್ಲ ಎನ್ನಲಾಗಲಿಲ್ಲ. ತಮ್ಮನ ಆಟೋದ ಮೇಲೆ ಹಾರ್ನ್ ಕಟ್ಟಿಸಿ ಊರೆಲ್ಲ ಕೂಗಿದರು. ಅಭ್ಯರ್ಥಿ ಠೇವಣಿ ಕಳೆದುಕೊಂಡರು. ಮಾರನೇ ದಿನ ಬಂದು ಇವರ ಮನೆಯ ಮೆಟ್ಟಿಲ ಮೇಲೆ ಕೂತು, ಟೀ ಕುಡಿದು, ಕಣ್ಣೊರೆಸಿಕೊಂಡು ಹೋದರು.

"ಸೋತವರು ಯಾರೂ ಬಂದು ಥ್ಯಾಂಕ್ಸ್ ಹೇಳಲ್ಲ. ಇವರು ಬಂದ್ರು. ಅದೊಂದಕ್ಕೇ ಇಷ್ಟು ವರ್ಷ ಕೂಗಿದೆ," ಎನ್ನುತ್ತಾರೆ ಮೈಕಕ್ಕ.

ಎರಡನೇ ಚುನಾವಣೆಗೆ ಒಂದು ಪಕ್ಷದ ಟಿಕೆಟ್ ಸಿಕ್ಕಿತು, ಏಣಿ ಗುರುತು ಸಿಕ್ಕಿತು, ಒಂದು ಭರವಸೆಯೂ ಸಿಕ್ಕಿತು. ಓಣಿಯವರು ಶಾಲೆಗೆ, ಆಸ್ಪತ್ರೆಗೆ, ಸಂತೆಗೆ ಹೋಗಬೇಕೆಂದರೆ ಕಾಲುವೆ ದಾಟಬೇಕು, ದಾಟಲು ಎರಡು ಮರದ ಹಲಗೆ. ಅಲ್ಲಿ ಸೇತುವೆ ಮಾಡಿಸುತ್ತೇವೆ ಎಂದು ಮೈಕಕ್ಕ ಕೂಗಿದರು, ಶಾಸಕರು ಗೆದ್ದರು, ಮೈಕಕ್ಕನಿಗೆ ಪುರಸಭೆಯಲ್ಲಿ ನೀರಿನ ಸುದ್ದಿ ಕೂಗುವ ಕೆಲಸವೂ ಒಂದು ಮೈಕೂ ಸಿಕ್ಕಿತು, ಈ ದಡದಲ್ಲಿ ಅಡಿಗಲ್ಲು ಬಿತ್ತು. ಮೂರನೇ ಚುನಾವಣೆಯಲ್ಲೂ ಅದೇ ಕೂಗು, ಅದೇ ಗೆಲುವು. ಈ ಸಲ ಆ ದಡದಲ್ಲೊಂದು ಅಡಿಗಲ್ಲು. ನಡುವಿನ ಹಲಗೆಗಳು ಹಾಗೇ ಉಳಿದವು. ಮೈಕಕ್ಕನ ಅತ್ತೆ ಈ ದಡದ ಕಲ್ಲಿನ ಮೇಲೆ ಬಟ್ಟೆ ಒಗೆಯಲು ಶುರುಮಾಡಿದರು. ಸರ್ಕಾರದ ಕಲ್ಲು, ನಯವಾಗಿದೆ, ಕೊಳೆ ಚೆನ್ನಾಗಿ ಬಿಡುತ್ತದೆ ಎಂದು ಅಕ್ಕಪಕ್ಕದವರಿಗೂ ಶಿಫಾರಸು ಮಾಡಿದರು.

ನಾಲ್ಕನೇ ಸಲ ಜನ ಸಿಟ್ಟಿಗೆದ್ದು ಶಾಸಕರನ್ನು ಮನೆಗೆ ಕಳಿಸಿದರು. ಐದನೇ ಸಲ ಅವರು ಓಣಿಯ ಮನೆಮನೆಗೂ ಕೈ ಮುಗಿದುಕೊಂಡು ಬಂದರು, ತಪ್ಪಾಯಿತು ಎಂದರು, ಮತ್ತೆ ಗೆದ್ದರು. ಆ ಸಲ ಮೈಕಕ್ಕನನ್ನು ತಮ್ಮ ಆಫೀಸಿಗೆ ಕರೆಸಿ ದನಿಯನ್ನು ರೆಕಾರ್ಡ್ ಮಾಡಿಕೊಂಡಿದ್ದರು. ಗಂಟಲಿಗೆ ಸ್ವಲ್ಪ ವಿಶ್ರಾಂತಿ ಸಿಗಲಿ ಅಂತ ಹೇಳಿದ್ದನ್ನು ಇವರು ಪಾಪ ನಂಬಿದ್ದರು.

ಕೂಗುವ ಕೆಲಸದಲ್ಲಿ ಒಂದು ಕಷ್ಟವಿದೆ, ಅದು ಹೊರಗಿನವರಿಗೆ ಗೊತ್ತಾಗುವುದಿಲ್ಲ. ಭರವಸೆ ಯಾರದ್ದೇ ಇರಲಿ, ಜನ ಕೇಳುವುದು ಕೂಗಿದವರನ್ನು. "ಅವರು ಗೆದ್ದು ರಾಜಧಾನಿಗೆ ಹೋಗ್ತಾರೆ, ನಾನು ನಲ್ಲಿ ಹತ್ರ ಸಿಗ್ತೀನಿ," ಎನ್ನುತ್ತಾರೆ ಮೈಕಕ್ಕ. "ಸೇತುವೆ ಆಗುತ್ತೆ ಅಂತ ಈ ಜನ ಕೇಳಿದ್ದು ನನ್ನ ಬಾಯಲ್ಲಿ. ಎಲ್ಲಿದೆಯಮ್ಮಾ ನಿನ್ನ ಸೇತುವೆ ಅಂತಾರೆ. ನನ್ನ ಸೇತುವೆಯಂತೆ!"

ಕಳೆದ ವರ್ಷ ಅತ್ತೆ ಒದ್ದೆ ಹಲಗೆಯ ಮೇಲೆ ಜಾರಿ ಸೊಂಟ ಮುರಿದುಕೊಂಡರು. ಈಗ ಕೋಲು ಹಿಡಿದು ಬಾಗಿಲ ತನಕ ಬರುತ್ತಾರೆ, ಅಷ್ಟೇ. ಅವರನ್ನು ಮಂಚದಿಂದ ಎಬ್ಬಿಸಿ ಕೂರಿಸುವಾಗೆಲ್ಲ ಮೈಕಕ್ಕನಿಗೆ ತಾನು ಕೂಗಿದ ಸೇತುವೆ ನೆನಪಾಗುತ್ತಿತ್ತು. ಅಂಥ ಹೊತ್ತಿನಲ್ಲೇ ಶಾಸಕರು ಏಣಿಯಿಂದ ಇಳಿದರು. ರಾಜೀನಾಮೆ ಕೊಟ್ಟು, ಪಕ್ಷ ಬದಲಿಸಿ, ಬೀಗದ ಗುರುತಿನಲ್ಲಿ ಉಪಚುನಾವಣೆಗೆ ನಿಂತರು. ಅವರ ಆಪ್ತ ಸಹಾಯಕ ಎಂದಿನಂತೆ ಮೈಕಕ್ಕನನ್ನು ಕರೆಯಲು ಬಂದ. ಶಾಸಕರ ಹಿಂದೆಯೇ ಸುತ್ತುವ ಅವನಿಗೆ ಓಣಿಯವರು ಇಟ್ಟ ಹೆಸರು ನೆರಳು. ಕೂಗಿದ್ದನ್ನೇ ಮತ್ತೆ ಕೂಗಲು ನಾಚಿಕೆಯಾಗುತ್ತದೆ, ಈ ಸಲ ಆಗುವುದಿಲ್ಲ ಎಂದರು ಮೈಕಕ್ಕ. ನೆರಳು ಬೇಜಾರು ಮಾಡಿಕೊಳ್ಳಲಿಲ್ಲ. "ನೀವು ಬರದಿದ್ರೆ ಏನಂತೆ, ನಿಮ್ಮ ದನಿ ನಮ್ಮ ಹತ್ರ ಇದೆಯಲ್ಲ," ಎಂದು ನಗುತ್ತಾ ಹೋದ.

ಮೂರು ದಿನಕ್ಕೆ ಪ್ರಚಾರದ ಗಾಡಿ ಓಣಿಗೆ ಬಂತು. ಮೈಕಕ್ಕ ಒಲೆಯ ಮುಂದಿದ್ದರು, ಹೊರಗೆ ಮೈಕಕ್ಕ ಕೂಗುತ್ತಿದ್ದರು. ಸೇತುವೆ ಕಟ್ಟಿಕೊಡುವ ನಿಮ್ಮ ಮನೆಮಗ, ಅವರ ಗುರುತು, ಎನ್ನುವಲ್ಲಿಯವರೆಗೆ ಹೆಣ್ಣುದನಿ. ಆಮೇಲೆ 'ಬೀಗ' ಎಂದು ಯಾರದೋ ದಪ್ಪ ಗಂಡುದನಿ. ಹಳೆಯ ರೆಕಾರ್ಡಿನಿಂದ ಏಣಿಯನ್ನು ಕತ್ತರಿಸಿ ಅಲ್ಲಿ ಬೀಗ ಜಡಿದಿದ್ದರು. ಓಣಿಯೆಲ್ಲ ಬಿದ್ದು ಬಿದ್ದು ನಕ್ಕಿತು. ಅಕ್ಕಾ, ನಿಮ್ಮ ಗಂಟಲೊಳಗೆ ಯಾರನ್ನು ಬಚ್ಚಿಟ್ಟಿದ್ದೀರಿ ಎಂದು ಪಕ್ಕದ ಮನೆಯವರು ಕೇಳಿದರು. ನಗದವರು ಮೈಕಕ್ಕ ಒಬ್ಬರೇ. ತಾನು ಇಲ್ಲ ಎಂದ ಮೇಲೂ ತನ್ನ ಬಾಯಿಂದ ಸುಳ್ಳು ಹೇಳಿಸುತ್ತಿದ್ದಾರಲ್ಲ ಎಂದು ಅವರಿಗೆ ಮೈಯೆಲ್ಲ ಉರಿಯಿತು.

ಆಟೋ ತೆಗಿ ಎಂದರೆ ತಮ್ಮ ಹಿಂದೆಮುಂದೆ ನೋಡಿದ. ಲೈಸೆನ್ಸು, ಸ್ಟ್ಯಾಂಡಿನಲ್ಲಿ ಜಾಗ, ಹೆಂಡತಿಯ ಮಾತು, ಅವನಿಗೂ ಅವನದೇ ಭಯಗಳು. ಮೈಕಕ್ಕ ಅವನನ್ನು ಬೈಯಲಿಲ್ಲ. ಮೈಕನ್ನೂ ಮನೆಯಲ್ಲೇ ಇಟ್ಟರು. ಅದು ನೀರಿನ ಸುದ್ದಿ ಹೇಳಲು ಪುರಸಭೆ ಕೊಟ್ಟಿದ್ದು, ಅದರಲ್ಲಿ ಸ್ವಂತ ಮಾತು ಆಡಬಾರದು ಎಂಬುದು ಅವರ ಲೆಕ್ಕ. ಬರಿಗೈಯಲ್ಲಿ ಗಾಡಿಯ ಹಿಂದೆ ನಡೆದರು.

ಕೂಗುವವರ ಕಸುಬಿಗೆ ಒಂದು ನಿಯಮವಿದೆ. ಏನನ್ನೇ ಆಗಲಿ ಎರಡು ಸಲ ಕೂಗಬೇಕು. ಮೊದಲ ಕೂಗು ಜನ ಬಾಗಿಲಿಗೆ ಬರಲು, ಎರಡನೆಯದು ಕೇಳಿಸಿಕೊಳ್ಳಲು. ರೆಕಾರ್ಡ್ ಹಾಕಿಕೊಂಡ ಗಾಡಿಗೆ ಈ ನಿಯಮ ಗೊತ್ತಿರಲಿಲ್ಲ, ಒಂದು ಸಲ ಕೂಗಿ ಮುಂದಕ್ಕೆ ಹೋಗುತ್ತಿತ್ತು. ಜನ ಬಾಗಿಲಿಗೆ ಬರುವಷ್ಟರಲ್ಲಿ ಎದುರಿಗೆ ಮೈಕಕ್ಕ ನಿಂತಿರುತ್ತಿದ್ದರು.

"ಈಗ ಹೋಗಿದ್ದು ನನ್ನ ಹಳೇ ದನಿ," ಎಂದು ಅವರು ಪ್ರತಿ ಬಾಗಿಲ ಮುಂದೆಯೂ ಕೂಗಿದರು. "ಸೇತುವೆ ಆಗುತ್ತೆ ಅಂತ ನಾನೇ ಹೇಳಿದ್ದೆ. ಆಗಿಲ್ಲ. ಆ ಮಾತು ವಾಪಸ್ ತಗೋತಾ ಇದೀನಿ. ವೋಟು ನಿಮ್ಮಿಷ್ಟ, ಯಾರಿಗಾದ್ರೂ ಹಾಕಿ. ನನ್ನ ಮಾತು ನಂಬಿ ಮಾತ್ರ ಹಾಕಬೇಡಿ."

ಮೂರನೇ ಬೀದಿಯಲ್ಲಿ ಗಾಡಿ ನಿಂತಿತು. ನೆರಳು ಕೆಳಗಿಳಿದು ಬಂದು, ಪುರಸಭೆ ಕೆಲಸ ಬೇಕೋ ಬೇಡವೋ ಎಂದು ಕೇಳಿದ. ಅಷ್ಟು ಹೊತ್ತಿಗೆ ಬೀದಿಯ ಎರಡೂ ಬದಿ ಜನ.

"ಇನ್ನೊಂದು ಸಲ ಹೇಳಪ್ಪ," ಎಂದರು ಮೈಕಕ್ಕ. "ಮೊದಲನೇ ಸಲಕ್ಕೆ ಜನ ಬಾಗಿಲಿಗೆ ಬಂದಿದ್ದಾರೆ ಅಷ್ಟೇ. ಎರಡನೇ ಸಲ ಹೇಳಿದ್ರೆ ಕೇಳಿಸಿಕೊಳ್ತಾರೆ."

ಅವನು ಅತ್ತ ನೋಡಿದ, ಇತ್ತ ನೋಡಿದ, ಗಾಡಿ ಹತ್ತಿದ. ಅಂದು ಸಂಜೆಯಿಂದ ಆ ರೆಕಾರ್ಡ್ ಕೇಳಿಸಲಿಲ್ಲ.

ಇಷ್ಟಾದ ಮೇಲೆ ಶಾಸಕರು ಸೋತರು ಎಂದು ಬರೆಯಲು ಯಾರಿಗಾದರೂ ಆಸೆಯಾಗುತ್ತದೆ. ಅವರು ಗೆದ್ದರು. ಅಂತರ ಕುಗ್ಗಿತು, ಆದರೆ ಗೆಲುವು ಗೆಲುವೇ. ಎಣಿಕೆ ಮುಗಿದ ವಾರದಲ್ಲೇ ಪುರಸಭೆಯವರು ಬಂದು ಮೈಕ್ ತೆಗೆದುಕೊಂಡು ಹೋದರು. ಮೈಕಕ್ಕ ಒರೆಸಿ ಕೊಟ್ಟರು. ಹಳೆಯ ತಳ್ಳುಗಾಡಿಗೆ ಹೊಸ ಚಕ್ರ ಹಾಕಿಸಿ ಮತ್ತೆ ತರಕಾರಿ ಶುರುಮಾಡಿದ್ದಾರೆ. ನೀರಿನ ಸುದ್ದಿ ಈಗ ಪುರಸಭೆಯ ಗಾಡಿಯಲ್ಲಿ ಬರುತ್ತದೆ, ಅದಕ್ಕೆ ಒಂದು ಬಾಗಿಲೂ ತೆರೆಯುವುದಿಲ್ಲ. ಇದನ್ನು ನೋಡಲಾರದೆ ನೀರು ಬಿಡುವ ನೌಕರನೇ ನಸುಕಿನಲ್ಲಿ ಬಂದು ಮೈಕಕ್ಕನ ಕಿಟಕಿ ತಟ್ಟಿ ಹೇಳಿಹೋಗುತ್ತಾನೆ. ಸಂಬಳವಿಲ್ಲದ ಕೆಲಸ ಯಾಕೆ ಎಂದು ತಮ್ಮ ಗೊಣಗುತ್ತಾನೆ. "ಅವರು ಕಿತ್ಕೊಂಡಿದ್ದು ಮೈಕು. ಗಂಟಲು ನಂದೇ ತಾನೇ," ಎನ್ನುತ್ತಾರೆ ಅಕ್ಕ. ತಮ್ಮನೂ ಈಚೆಗೆ ಆಟೋದಲ್ಲಿ ಅವರನ್ನು ಆಚೆ ಓಣಿಯವರೆಗೆ ಬಿಟ್ಟುಬರುತ್ತಾನೆ, ಯಾರೂ ಕೇಳದಿದ್ದರೂ ಹೋಗುವ ದಾರಿ ಅದೇ ಎಂದು ಸಮಜಾಯಿಷಿ ಕೊಡುತ್ತಾನೆ.

ಕಳೆದ ವಾರ ಶಾಸಕರೇ ಬಂದಿದ್ದರು. ಮೊದಲ ಸಲ ಸೋತಾಗ ಕೂತ ಅದೇ ಮೆಟ್ಟಿಲ ಮೇಲೆ ಕೂತರು, ಅದೇ ಟೀ ಕುಡಿದರು. ಸೇತುವೆಗೆ ಮತ್ತೆ ಅಡಿಗಲ್ಲು ಹಾಕುತ್ತೇವೆ, ಈ ಸಲ ಖಂಡಿತ ಎಂದರು. ಮೈಕ್ ವಾಪಸ್ ಕೊಡಿಸುವುದಾಗಿಯೂ, ಅಕ್ಕ ಒಂದು ಸಲ ಊರಿಗೆಲ್ಲ ಕೂಗಿ ಹೇಳಬೇಕೆಂದೂ ಕೇಳಿಕೊಂಡರು. ಅಕ್ಕ ಕೂಗದಿದ್ದರೆ ಜನ ನಂಬುವುದಿಲ್ಲ ಎಂಬುದು ಶಾಸಕರಿಗೂ ಅರ್ಥವಾಗಿತ್ತು. ಒಳಗಿನಿಂದ ಅತ್ತೆ, ಈ ಕಲ್ಲನ್ನಾದರೂ ಸ್ವಲ್ಪ ಎತ್ತರಕ್ಕೆ ಹಾಕಿಸಿ, ಬಟ್ಟೆ ಒಗೆಯಲು ನನಗೀಗ ಬಗ್ಗಲಾಗುವುದಿಲ್ಲ ಎಂದರು. ಶಾಸಕರು ಲೋಟ ಕೆಳಗಿಟ್ಟರು.

ಮೈಕಕ್ಕ ಲೋಟ ತೆಗೆದುಕೊಂಡು ಎದ್ದರು.

"ಕಲ್ಲಿಗೆಲ್ಲ ನಾನು ಕೂಗಲ್ಲ. ಸೇತುವೆ ಕಟ್ಟಿಸಿ. ಅತ್ತೆ ಕೈ ಹಿಡ್ಕೊಂಡು ಆ ದಡಕ್ಕೆ ಹೋಗ್ತೀನಿ, ಅವರನ್ನ ಕರ್ಕೊಂಡು ಈ ದಡಕ್ಕೆ ಬರ್ತೀನಿ. ಬಂದು ಕೂಗ್ತೀನಿ. ಮೈಕ್ ಬೇಡ, ದುಡ್ಡು ಬೇಡ. ಎರಡು ಸಲ ಕೂಗ್ತೀನಿ."