ಹಿಟ್ಟಿಗೆ ಕೈ ಹಾಕುವ ಮುಂಚೆ

ಅವಳನ್ನು ಎಲ್ಲರೂ ರೊಟ್ಟಿಯಕ್ಕ ಎಂದೇ ಕರೆಯುತ್ತಿದ್ದರು. ಗಂಡನ ಮನೆಯವರದು ಬೇಕರಿ. ಬೆಳಗಾದರೆ ಬ್ರೆಡ್ಡು, ಬನ್ನು, ಬಿಸ್ಕತ್ತು. ಆದರೆ ಆ ಹೆಸರು ಬಂದದ್ದು ಅದರಿಂದಲ್ಲ. ತಿಂಗಳ ಮೊದಲ ಭಾನುವಾರ ಚರ್ಚಿನ ಪ್ರಭುಭೋಜನದಲ್ಲಿ ಪಾದ್ರಿಗಳು ಮುರಿದು ಎಲ್ಲರಿಗೂ ಹಂಚುವ ರೊಟ್ಟಿ ಇದೇ ಮನೆಯಿಂದ ಹೋಗಬೇಕು, ಅದನ್ನು ನಾದುವವಳು ಇವಳು. ಸಾಮಾನ್ಯವೇ! ಬನ್ನು ಸೀದರೆ ಗಿರಾಕಿ ಬೈದುಕೊಂಡು ಹೋಗುತ್ತಾನೆ. ಆ ರೊಟ್ಟಿ ಕೆಟ್ಟರೆ ಯಾರಿಗೆ ಮುಖ ತೋರಿಸುವುದು?

ಅದಕ್ಕೊಂದು ಪದ್ಧತಿ ಇತ್ತು. ಅತ್ತೆ ಬದುಕಿದ್ದಾಗ ಹಿಂದಿನ ದಿನ ಮಧ್ಯಾಹ್ನ ಹಿಟ್ಟಿನ ಡಬ್ಬಿಯ ಮುಂದೆ ನಿಂತು ಮನೆಮಂದಿಯನ್ನೆಲ್ಲ ಕೂಗುವರು. "ನನ್ನ ಮೇಲೆ ಯಾರಿಗಾದ್ರೂ ಬೇಜಾರಿದ್ಯಾ? ಇದ್ರೆ ಈಗ್ಲೇ ಹೇಳ್ಬಿಡಿ. ಆಮೇಲೆ ಹಿಟ್ಟಿಗೆ ಕೈ ಹಾಕ್ತೀನಿ." ಕಾಣಿಕೆ ಹಿಡಿದು ದೇವರ ಮುಂದೆ ನಿಂತಾಗ, ಯಾರಿಗೋ ನಿನ್ನ ಮೇಲೆ ಮುನಿಸಿದೆ ಎಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಅವರ ಹತ್ತಿರ ಹೋಗು ಎಂದು ಬೈಬಲಿನಲ್ಲಿ ಸ್ವಾಮಿ ಹೇಳಿದ್ದನ್ನು ಅತ್ತೆ ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಒಮ್ಮೆ ಮಾವ ಮುಖ ಊದಿಸಿಕೊಂಡು, "ನೆಂಟರ ಮುಂದೆ ನನ್ನ ಗೊರಕೆ ಅಣಕಿಸಿ ತೋರಿಸಿದ್ಯಲ್ಲ, ಅದಕ್ಕೆ ಬೇಜಾರಿದೆ" ಎಂದಿದ್ದರು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅತ್ತೆ ಮಾತ್ರ ನಗದೆ, ಕೈಮುಗಿದು ತಪ್ಪಾಯಿತು ಎಂದ ಮೇಲೆಯೇ ಆ ಸಲದ ರೊಟ್ಟಿ ಆದದ್ದು.

ಅತ್ತೆ ತೀರಿಕೊಂಡ ಮೇಲೆ ಆ ಕೆಲಸ ದೊಡ್ಡ ಸೊಸೆಯಾದ ರೊಟ್ಟಿಯಕ್ಕನಿಗೆ ಬಂತು. ನಾದುವುದು ಅವಳಿಗೆ ನೀರು ಕುಡಿದಷ್ಟು ಸಲೀಸು. ಆ ಪ್ರಶ್ನೆ ಕೇಳುವುದೇ ಕಷ್ಟ. ಏಕೆಂದರೆ ಮನೆಯಲ್ಲಿ ಓರಗಿತ್ತಿ ಇದ್ದಳು, ಮೈದುನನ ಹೆಂಡತಿ.

ಕೆಟ್ಟವಳೇ? ಅಲ್ಲ, ಅದೇ ತೊಂದರೆ. ಕೆಟ್ಟವಳಾಗಿದ್ದರೆ ಒಂದು ಸಲ ಜುಟ್ಟು ಹಿಡಿದು ಜಗಳವಾಡಿ ಹಗುರಾಗಬಹುದಿತ್ತು. ಇವಳು ನಗುನಗುತ್ತ ಬಂದಳು, ಬಂದ ವರ್ಷವೇ ಅತ್ತೆ ಅವಳನ್ನು ಗಲ್ಲಾದಲ್ಲಿ ಕೂರಿಸಿದರು. ದೊಡ್ಡವಳು ಹಿಂದೆ ಭಟ್ಟಿಯ ಕಾವಿನಲ್ಲಿ ಬೇಯುವುದು, ಚಿಕ್ಕವಳು ಮುಂದೆ ಫ್ಯಾನಿನ ಕೆಳಗೆ ಕೂತು ಹರಟುವುದು. ಗಿರಾಕಿಗಳೋ ಬನ್ನು ಬಾಯಿಗಿಟ್ಟು, "ಏನ್ ಕೈರುಚಿನಮ್ಮ ನಿಂದು!" ಎಂದು ಗಲ್ಲಾದವಳಿಗೇ ಹೇಳುವರು. "ಅಯ್ಯೋ, ನಂದಲ್ಲ, ಅಕ್ಕಂದು" ಎಂದು ಅವಳು ಪ್ರತಿ ಸಲವೂ ಹೇಳುತ್ತಿದ್ದಳು. ಪಾಪ, ನಿಜವಾಗಿಯೂ ಹೇಳುತ್ತಿದ್ದಳು. ಅದು ಹಿಂದಿನ ಕೋಣೆಗೆ ಕೇಳಿಸುತ್ತಿತ್ತು ಕೂಡ. ಆದರೆ ರೊಟ್ಟಿಯಕ್ಕನಿಗೆ ಅದು ಭಿಕ್ಷೆ ಹಾಕಿದ ಹಾಗಿತ್ತು. ದುಡಿದವಳು ನಾನು, ದಾನ ಮಾಡುವವಳು ಇವಳೇ? ಹೊಟ್ಟೆಯೊಳಗೆ ಭಗ್ಗೆಂದು ಹೊತ್ತಿಕೊಳ್ಳುತ್ತಿತ್ತು.

ಹೊಟ್ಟೆಕಿಚ್ಚು ಪಾಪವೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅದು ಒಳಗೆ ಬರದ ಹಾಗೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಉಪವಾಸ ಮಾಡಿದಳು, ಮೊಣಕಾಲೂರಿ ಅತ್ತಳು. "ಸ್ವಾಮಿ, ಅವಳ ಮೇಲೆ ನಂಗೆ ಕೆಟ್ಟ ಮನಸ್ಸು ಬರ್ದಿರೋ ಹಾಗೆ ನೋಡ್ಕೊಳಪ್ಪ." ಇಷ್ಟೆಲ್ಲ ಮಾಡಿದವಳಿಗೆ ಅತ್ತೆಯ ಆ ಒಂದು ಪ್ರಶ್ನೆ ಕೇಳುವುದಕ್ಕೆ ಮಾತ್ರ ಬಾಯಿ ಬರಲಿಲ್ಲ. ಕೇಳಿದರೆ ಅವಳು ಏನಾದರೂ ಹೇಳಿಬಿಟ್ಟರೆ? ಬೇಜಾರೇನೂ ಇಲ್ಲ ಅಂದುಬಿಟ್ಟರೆ ಇನ್ನೂ ಕಷ್ಟ, ವಿಷವೆಲ್ಲ ತನ್ನ ಕಡೆಯೇ ಇದೆ ಎಂದಾಯಿತಲ್ಲ.

ಹಾಗಾಗಿ ತನ್ನದೇ ಒಂದು ಪದ್ಧತಿ ಮಾಡಿಕೊಂಡಳು. ಹಿಟ್ಟಿಗೆ ಕೈ ಹಾಕಿದ ಗಳಿಗೆಯಿಂದ ರೊಟ್ಟಿ ಭಟ್ಟಿಯಿಂದ ಹೊರಬರುವ ತನಕ ಯಾರ ಜತೆಗೂ ಒಂದು ಮಾತಿಲ್ಲ. ಮಾತೇ ಆಡದಿದ್ದರೆ ಕೆಟ್ಟ ಮಾತು ಎಲ್ಲಿಂದ ಬರುತ್ತದೆ? ಮಾತು ಬೆಳ್ಳಿ, ಮೌನ ಬಂಗಾರ. ಚರ್ಚಿನವರಂತೂ ಹಾಡಿ ಹೊಗಳಿದರು. "ನಮ್ಮ ರೊಟ್ಟಿಯಕ್ಕ ಹಿಟ್ಟಿಗೆ ಕೈ ಹಾಕಿದ್ರೆ ದೇವದೂತ ಬಂದು ಕರೆದ್ರೂ ತಿರುಗಿ ನೋಡಲ್ಲ!"

ಮೊದಮೊದಲು ಅದು ತಿಂಗಳಿಗೊಮ್ಮೆ ಇತ್ತು. ಬರಬರುತ್ತ ಓರಗಿತ್ತಿಯ ಚಪ್ಪಲಿಯ ಸದ್ದು ಕೇಳಿದರೆ ಸಾಕು, ಇವಳ ಕೈ ಹಿಟ್ಟಿನೊಳಗೆ ಇರುತ್ತಿತ್ತು, ಅದು ಬಿಸ್ಕತ್ತಿನ ಹಿಟ್ಟಾದರೂ ಸರಿಯೇ. "ಅತ್ತಿಗೆಗೆ ದೇವರು ನಾಲ್ಕು ಕೈ ಕೊಟ್ಟಿದ್ರೂ ನಾಲ್ಕೂ ಹಿಟ್ಟಲ್ಲೇ ಇರ್ತಿದ್ವು" ಎಂದು ಮೈದುನ ತಮಾಷೆ ಮಾಡುತ್ತಿದ್ದ. ಚಿಕ್ಕವಳು ಮೊದಲು ನಗುತ್ತಿದ್ದಳು. ಆಮೇಲೆ ನಗುವುದನ್ನು ಬಿಟ್ಟಳು.

ಪ್ರಭುಭೋಜನದ ಹಿಂದಿನ ದಿನ, ಆ ಶನಿವಾರ, ಗಂಡ ಮೈದುನ ಇಬ್ಬರೂ ಮೈದಾ ತರಲು ಗಿರಣಿಗೆ ಹೋಗಿದ್ದರು. ಮಧ್ಯಾಹ್ನವೆಂದು ಅಂಗಡಿಯ ಶಟರ್ ಅರ್ಧ ಎಳೆದಿತ್ತು. ರೊಟ್ಟಿಯಕ್ಕ ಈಸ್ಟ್ ನೀರು ಹಾಕಿ ಹಿಟ್ಟು ಕಲಸುತ್ತಿದ್ದಾಗ ಚಿಕ್ಕವಳು ಬಂದು ಬಾಗಿಲಲ್ಲಿ ನಿಂತಳು.

"ಅಕ್ಕಾ, ನಿಮ್ಮ ಹತ್ರ ಒಂದು ಮಾತು ಹೇಳ್ಬೇಕಿತ್ತು."

ರೊಟ್ಟಿಯಕ್ಕ ತಲೆ ಎತ್ತಲಿಲ್ಲ. ಚಿಕ್ಕವಳು ಒಳಗೆ ಬಂದು ಮೂಟೆಯ ಮೇಲೆ ಕೂತಳು. ಹಣೆಯನ್ನು ಒತ್ತಿಕೊಳ್ಳುತ್ತಿದ್ದಳು. ಮತ್ತೆ ಹೇಳಿದಳು, "ಅತ್ತೆ ಕೇಳ್ತಿದ್ರಲ್ಲ, ಹಾಗೇ ಕೇಳ್ತಿದೀನಿ. ನನ್ನ ಮೇಲೆ ನಿಮಗೆ ಬೇಜಾರಿದ್ಯಾ ಅಕ್ಕಾ?"

ನೋಡಿ, ತಾನು ಕೇಳಬೇಕಿದ್ದ ಪ್ರಶ್ನೆಯನ್ನು ಅವಳೇ ಹೊತ್ತುಕೊಂಡು ಬಂದಿದ್ದಳು. ಕೈ ಒರೆಸಿಕೊಳ್ಳುವ ಬಟ್ಟೆ ಪಕ್ಕದಲ್ಲೇ ನೇತಾಡುತ್ತಿತ್ತು. ಒಂದು "ಹೂಂ" ಅಂದಿದ್ದರೂ ಸಾಕಿತ್ತು, ಒಂದು ಬೈಗುಳವಾದರೂ ಸಾಕಿತ್ತು. ಇವಳು ಕಣ್ಣು ಮುಚ್ಚಿಕೊಂಡು ಇನ್ನೂ ಜೋರಾಗಿ ನಾದಿದಳು. ತುಟಿ ಅಲುಗುತ್ತಿತ್ತು. ಏನು ಪ್ರಾರ್ಥಿಸುತ್ತಿದ್ದಳು ಗೊತ್ತೇ? ಸ್ವಾಮಿ, ಅವಳ ಮೇಲೆ ನನಗೆ ಕೆಟ್ಟ ಮನಸ್ಸು ಬಾರದಿರಲಿ.

"ಆಯ್ತು ಬಿಡಿ. ರೊಟ್ಟಿ ಆಗ್ಲಿ, ಆಮೇಲೆ ಹೇಳ್ತೀನಿ" ಎಂದು ಚಿಕ್ಕವಳು ಎದ್ದು ಹೋದಳು.

ರೊಟ್ಟಿ ಭಟ್ಟಿಯೊಳಗೆ ಹೋದ ಮೇಲೆ ಮುಂದಿನ ಅಂಗಡಿಯಲ್ಲಿ ಟ್ರೇಗಳು ಧಡಾರನೆ ಬಿದ್ದವು. ರೊಟ್ಟಿಯಕ್ಕನಿಗೆ ಕೇಳಿಸಿತು. ಮತ್ತೆ ಏನೋ ಬೀಳಿಸಿದಳು, ಬೀಳಿಸಲಿ, ಎಂದುಕೊಂಡಳು. ಹೇಳಲು ನಾಚಿಕೆಯಾಗಬೇಕು, ಒಂದು ಚೂರು ಖುಷಿಯೂ ಆಯಿತು. ಏನಾಯಿತು ಎಂದು ಕೂಗಿ ಕೇಳಲಿಲ್ಲ. ರೊಟ್ಟಿ ಇನ್ನೂ ಹೊರಗೆ ಬಂದಿರಲಿಲ್ಲವಲ್ಲ.

ಹೊಂಬಣ್ಣಕ್ಕೆ ತಿರುಗಿದ ರೊಟ್ಟಿಯನ್ನು ತೆಗೆದು, ಬಿಳಿ ಬಟ್ಟೆ ಮುಚ್ಚಿ, ಕೈ ತೊಳೆದುಕೊಂಡು ಮುಂದೆ ಬಂದು ನೋಡಿದರೆ ಅವಳು ನೆಲದ ಮೇಲೆ ಬಿದ್ದಿದ್ದಳು. ಸುತ್ತ ಟ್ರೇಗಳು, ಪುಡಿಯಾದ ಬಿಸ್ಕತ್ತು. ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು. ಕಣ್ಣು ಮಾತ್ರ ತೆರೆದಿತ್ತು, ಹಿಂದಿನ ಕೋಣೆಯ ಬಾಗಿಲನ್ನೇ ನೋಡುತ್ತಿತ್ತು. ಮೌನ ಮುರಿದ ರೊಟ್ಟಿಯಕ್ಕನ ಬಾಯಿಂದ ಬಂದ ಮೊದಲ ಸದ್ದು ಚೀರಾಟ.

ಲಕ್ವ ಹೊಡೆದಿತ್ತು. "ಸ್ವಲ್ಪ ಮುಂಚೆ ಕರ್ಕೊಂಡು ಬಂದಿದ್ರೆ..." ಎಂದು ಶುರು ಮಾಡಿದ ಡಾಕ್ಟರು ಮೈದುನನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು. ಅವಳು ಏನು ಹೇಳಬೇಕೆಂದಿದ್ದಳು ಎಂದು ರೊಟ್ಟಿಯಕ್ಕ ಮೈದುನನನ್ನು ಕೇಳಿದಳು. "ನಂಗೇನೂ ಹೇಳಿರ್ಲಿಲ್ಲ ಅತ್ತಿಗೆ. ನಿಮ್ಮ ಹತ್ರಾನೇ ಮಾತಾಡ್ಬೇಕು ಅಂತಿದ್ಲು" ಎಂದ. ಕೋಪದಲ್ಲಿ ಕೊಯ್ದ ಮೂಗು ಮತ್ತೆ ಬಾರದು ಅನ್ನುತ್ತಾರೆ. ಇವಳು ಕೋಪ ಬರಬಾರದೆಂದು ಮಾಡಿದ್ದೂ ಅದೇ ಆಯಿತು.

ಚಿಕ್ಕವಳನ್ನು ಮನೆಗೆ ತಂದರು. ಬಲಗೈ, ಬಲಗಾಲು ಬಿದ್ದುಹೋಗಿತ್ತು. ಮಾತು ಹೋಗಿ ಒಂದೇ ಒಂದು ಸದ್ದು ಉಳಿಯಿತು, "ಬಾ". ನೀರು ಬೇಕಾದರೂ ಬಾ, ಮಗ್ಗುಲು ಬದಲಿಸಬೇಕಾದರೂ ಬಾ, ನೋವಿಗೂ ಬಾ. ಅವಳಿಗೆ ಉಣಿಸುವುದು, ಒರೆಸುವುದು, ತಲೆ ಬಾಚುವುದು ಎಲ್ಲ ರೊಟ್ಟಿಯಕ್ಕನೇ. ಈಗ ಬಾಯಿ ತುಂಬ ಮಾತಾಡುತ್ತಾಳೆ, ಬೇಕರಿಗೆ ಬಂದವರ ಸುದ್ದಿ, ಬೀದಿಯ ಜಗಳ, ಬನ್ನು ಉಬ್ಬದೆ ಹೋದದ್ದು. "ಓರಗಿತ್ತಿಯರು ಅಂದ್ರೆ ಹೀಗಿರ್ಬೇಕು" ಎಂದು ಚರ್ಚಿನ ಹೆಂಗಸರು ಕಣ್ಣೊರೆಸಿಕೊಂಡು ಹೋಗುತ್ತಾರೆ. ಆ ಮಾತು ಕೇಳಿದರೆ ರೊಟ್ಟಿಯಕ್ಕನಿಗೆ ಕೆನ್ನೆಗೆ ಹೊಡೆದ ಹಾಗಾಗುತ್ತದೆ.

ಇಷ್ಟಾದರೂ ಕಿಚ್ಚು ಸತ್ತಿರಲಿಲ್ಲ, ಅಯ್ಯೋ ದೇವರೇ! ಗಲ್ಲಾದಲ್ಲಿ ಕೂತ ಇವಳಿಗೆ ಒಬ್ಬ ಹಳೆಯ ಗಿರಾಕಿ, "ಆ ಚಿಕ್ಕಮ್ಮ ಮಲಗಿದ ಮೇಲೆ ನಿಮ್ಮ ಬನ್ನಿಗೆ ಆ ರುಚಿನೇ ಇಲ್ಲ ಬಿಡಿ" ಎಂದ. ಹೊಟ್ಟೆಯೊಳಗೆ ಅದೇ ಹಳೆಯ ಭಗ್. ಹಾಸಿಗೆ ಹಿಡಿದವಳ ಮೇಲೆ! ಅಂದು ಅವಳು ತನಗೆ ತಾನೇ ಹೆದರಿದಳು.

ಮುಂದಿನ ಪ್ರಭುಭೋಜನದ ಹಿಂದಿನ ದಿನ, ಹಿಟ್ಟು ಮುಟ್ಟುವ ಮೊದಲೇ, ಒಣ ಕೈಯಲ್ಲಿ, ಹಾಸಿಗೆಯ ಪಕ್ಕ ಮೊಣಕಾಲೂರಿದಳು.

"ನನ್ನ ಮೇಲೆ ನಿಂಗೆ ಬೇಜಾರಿದ್ಯಾ? ಆವತ್ತು ಏನು ಹೇಳೋಕೆ ಬಂದಿದ್ದೆ?"

"ಬಾ" ಅಂದಳು ಚಿಕ್ಕವಳು.

"ಇದ್ಯಾ? ಇಲ್ವಾ? ಇದ್ರೆ ಕಣ್ಣು ಮುಚ್ಚು."

ಚಿಕ್ಕವಳು ಕಣ್ಣು ಮುಚ್ಚಿದಳು. ಉತ್ತರವೋ, ದಣಿವೋ? ರೊಟ್ಟಿಯಕ್ಕ ಕಾದು ಕೂತಳು, ಚಿಕ್ಕವಳು ನಿದ್ದೆ ಹೋಗಿದ್ದಳು. ಎದ್ದು ಬಂದು ಹಿಟ್ಟಿನ ಡಬ್ಬಿಯ ಮುಂದೆ ನಿಂತರೆ ಕೈ ಮುಂದೆ ಹೋಗಲಿಲ್ಲ. "ಈ ಸಲ ರೊಟ್ಟಿ ಬೇರೆ ಯಾರಾದ್ರೂ ಮಾಡ್ಲಿ" ಎಂದು ಗಂಡನ ಹತ್ತಿರ ಚರ್ಚಿಗೆ ಹೇಳಿ ಕಳಿಸಿದಳು.

ಪಾದ್ರಿಗಳೇ ಮನೆಗೆ ಬಂದರು. "ದೇವರು ಕ್ಷಮಿಸಿದಾನಮ್ಮ, ನೀನ್ಯಾಕೆ ಹೀಗೆ ಒದ್ದಾಡ್ತೀಯ?"

"ಅವನು ದೊಡ್ಡವನು ಅಯ್ಯನವರೇ, ಕ್ಷಮಿಸ್ತಾನೆ. ಕಣ್ಣು ಮುಚ್ಕೊಂಡು ಅವನ ಹತ್ರ ಮಾತಾಡ್ತಾ ಇದ್ದೆನಲ್ಲ, ಅದಕ್ಕೇ ಇವಳ ಹತ್ರ ಆಡ್ಲಿಲ್ಲ." ಪಾದ್ರಿಗಳು ಪ್ರಾರ್ಥನೆ ಮಾಡಿ ಹೋದರು.

ಭಾನುವಾರ ಅವಳು ಕೊನೆಯ ಬೆಂಚಿನಲ್ಲಿ ಕೂತಳು. ಯಾರದೋ ಮನೆಯ ರೊಟ್ಟಿ, ಚೂರು ಚೂರಾಗಿ ತಟ್ಟೆಯಲ್ಲಿ ಕೈಯಿಂದ ಕೈಗೆ ಬಂತು. ಇವಳು ಮುಟ್ಟಲಿಲ್ಲ. ಪಕ್ಕದಲ್ಲಿದ್ದ ಮುದುಕಿ ಮೊಣಕೈಯಿಂದ ತಿವಿದು, "ತಗೋಮ್ಮ" ಎಂದಳು.

"ಮನೇಲಿ ಒಬ್ಬರ ಹತ್ರ ಒಂದು ಮಾತು ಬಾಕಿ ಇದೆ ಅಜ್ಜಿ. ಅವಳು ಹೇಳ್ಲಿ, ಕೇಳಿಸ್ಕೊಂಡು ತಗೋತೀನಿ."

ಆ ಮನೆಯ ಚಿಕ್ಕವಳಿಗೆ ಮಾತು ಹೋದದ್ದು ಮುದುಕಿಗೆ ಗೊತ್ತಿತ್ತು. ತಟ್ಟೆಯನ್ನು ಮುಂದಿನವರಿಗೆ ದಾಟಿಸಿದಳು.